ಬಟ್ಟಲು ಕಲ್ಲಿನಿಂದ ಮೇಲಕ್ಕೆ

ಅಪ್ಪ ಆ ಪ್ರಶ್ನೆ ಕೇಳಿದ್ದು ಅಕ್ಕನ ಮನೆಯ ಹಿಂಬದಿಯ ಜಗಲಿಯಲ್ಲಿ ಕೂತು. ಹೋದ ಮಳೆಗಾಲದಲ್ಲಿ ಕೊಡ್ಲಿಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವನನ್ನು ಗೋಣಿಕೊಪ್ಪಲಿಗೆ ಕರೆತಂದಿದ್ದೆವು. ಅಕ್ಕನ ಮನೆ ಊರಿನ ಅಂಚಿನಲ್ಲಿದೆ. ಮುಂದುಗಡೆ ರಸ್ತೆ, ಜೀಪು, ಬಸ್ಸು, ಕರಿಮೆಣಸು ಕೊಳ್ಳುವವರ ಗೋಡೌನು. ಹಿಂದುಗಡೆ ಗದ್ದೆ, ಗದ್ದೆಯಾಚೆ ತೋಟ, ತೋಟದ ಮೇಲೆ ದೂರದಲ್ಲಿ ಬೆಟ್ಟದ ಸಾಲು. ಮುಂದಿನ ಗದ್ದಲ ಅಪ್ಪನಿಗೆ ಆಗಲಿಲ್ಲ. ಹಾಗಾಗಿ ಅವನ ಕುರ್ಚಿ ಹಿಂದಕ್ಕೆ ಹೋಯಿತು. ಕುರ್ಚಿ ಹಿಂದಕ್ಕೆ ಹೋದದ್ದರಿಂದ ಆ ಬೆಟ್ಟ ದಿನವೂ ಅವನ ಕಣ್ಣೆದುರಿಗೆ ಬಂತು.

"ಅವತ್ತು ನಾವು ತುದಿ ಮುಟ್ಟಿದ್ವಾ, ಇಲ್ವಾ?" ಎಂದು ಕೇಳಿದ.

ನಾನು ಮೈಸೂರಿನಿಂದ ಅವನನ್ನು ನೋಡಲೆಂದು ಬಂದಿದ್ದೆ. ಪೇಪರು ಓದುತ್ತಿದ್ದೆ. "ಯಾವತ್ತು?" ಅಂದೆ.

"ನೀವಿಬ್ರೂ ಸಣ್ಣೋರಿದ್ದಾಗ. ಹಂದಿ ದಿವಸ."

ನಮ್ಮ ಮನೆಯಲ್ಲಿ ಹಂದಿ ದಿವಸ ಎಂದರೆ ಒಂದೇ ದಿವಸ. ಅದರ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನೆನಪಿರುವುದು ಆ ದಿವಸವೋ ನಾನು ಹೇಳಿದ ಕಥೆಯೋ ಎಂದು ಬೇರ್ಪಡಿಸಲು ಬರುವುದಿಲ್ಲ. ಆದರೂ ಬರೆಯುತ್ತೇನೆ.

ಅಪ್ಪ ಕೊಡ್ಲಿಪೇಟೆ ಕಡೆಯವನು. ಮದುವೆಯಾದ ಹೊಸತರಲ್ಲಿ ದಕ್ಷಿಣಕ್ಕೆ ಬಂದು ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಸೇರಿದ. ಆಳುಗಳ ಹಾಜರಿ ಹಿಡಿಯುವುದು, ಕೊಯ್ದ ಹಣ್ಣು ತೂಗಿಸುವುದು, ದೊರೆಗಳ ಬೈಗುಳವನ್ನು ಲೈನ್‌ಮನೆಗಳ ಆಳುಗಳಿಗೆ ಸ್ವಲ್ಪ ಮೆತ್ತಗೆ ಮಾಡಿ ತಲುಪಿಸುವುದು ಅವನ ಕೆಲಸ. ಎಸ್ಟೇಟು ಆ ಬೆಟ್ಟದ ಬುಡದಲ್ಲಿತ್ತು. ಬೆಟ್ಟದ ಹೆಸರನ್ನು ನಾನು ಬರೆಯುವುದಿಲ್ಲ. ಈಗಲೇ ಶನಿವಾರ ಭಾನುವಾರ ಅಲ್ಲಿ ಜೀಪುಗಳಿಗೆ ಜಾಗ ಸಾಲುತ್ತಿಲ್ಲ.

ಕೊಡಗಿನ ಆ ಭಾಗದಲ್ಲಿ ಕೋವಿಗೆ ಮಾತಿದೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ. ಸುಗ್ಗಿಹಬ್ಬ ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಹಾರಿಸುತ್ತಾರೆ. ಯಾರಾದರೂ ತೀರಿಕೊಂಡರೆ ಎರಡು ಗುಂಡು. ಅದು ಕೇಳಿಸಿದರೆ ಗದ್ದೆಯಲ್ಲಿದ್ದವನು ಗದ್ದೆ ಬಿಟ್ಟು, ಉಣ್ಣುತ್ತಿದ್ದವನು ಎಲೆ ಬಿಟ್ಟು, ಯಾವ ದಿಕ್ಕಿನಿಂದ ಬಂತೆಂದು ಅಂದಾಜು ಮಾಡಿಕೊಂಡು ಆ ಮನೆಗೆ ಹೋಗಬೇಕು. ಕರೆಯಲು ಯಾರೂ ಬರುವುದಿಲ್ಲ, ಗುಂಡೇ ಕರೆ. ನಮ್ಮ ಕೊಡ್ಲಿಪೇಟೆ ಮನೆಯಲ್ಲಿ ಕೋವಿಯೂ ಇರಲಿಲ್ಲ, ಈ ಪದ್ಧತಿಯೂ ಇರಲಿಲ್ಲ. ಅಪ್ಪ ಇದನ್ನು ದೊಡ್ಡವನಾದ ಮೇಲೆ ಕಲಿತ. ದೊಡ್ಡವರಾದ ಮೇಲೆ ಕಲಿತದ್ದನ್ನು ನಾವು ಹುಟ್ಟಿನಿಂದಲೇ ಕಲಿತವರಿಗಿಂತ ಬಿಗಿಯಾಗಿ ಪಾಲಿಸುತ್ತೇವೆ. ಎಸ್ಟೇಟಿನ ಸುತ್ತಲಿನ ಯಾವ ಸಾವಿಗೂ ಅಪ್ಪ ತಡವಾಗಿ ಹೋದದ್ದಿಲ್ಲ.

ಹುತ್ತರಿಗೆ ಮುಂಚಿನ ಒಂದು ಭಾನುವಾರ ಅಪ್ಪ ಅಕ್ಕನನ್ನೂ ನನ್ನನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋದ. ನಾನು ಮೂರನೇ ಕ್ಲಾಸಿನಲ್ಲಿದ್ದೆನೋ ನಾಲ್ಕನೆಯದರಲ್ಲೋ, ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಹೋಗಲು ಕಾರಣವಿತ್ತು. ಎಸ್ಟೇಟಿನವರು ಅಪ್ಪನನ್ನು ಬಯಲುಸೀಮೆಯವನು ಎಂದು ಛೇಡಿಸುತ್ತಿದ್ದರು. ಕೊಡ್ಲಿಪೇಟೆ ಬಯಲುಸೀಮೆಯಲ್ಲ ಎಂದು ಅಪ್ಪ ಹೇಳಿದಷ್ಟೂ ಅವರಿಗೆ ಖುಷಿ. "ರೈಟರಿಗೆ ಏಣಿ ಹತ್ತಿದ್ರೆ ತಲೆ ತಿರುಗ್ತದೆ, ಬೆಟ್ಟ ಎಲ್ಲಿಂದ ಹತ್ತೋದು" ಎನ್ನುತ್ತಿದ್ದರು. ತುದಿ ಮುಟ್ಟಿ ಬರುತ್ತೇನೆ, ಅದೂ ಮಕ್ಕಳನ್ನು ಕರೆದುಕೊಂಡು, ಎಂದು ಅಪ್ಪ ತೂಕದ ಕಟ್ಟೆಯ ಮೇಲೆ ಎಲ್ಲರೆದುರು ಹೇಳಿಬಿಟ್ಟಿದ್ದ.

ನನಗೆ ಇರುವ ನೆನಪು ಇಷ್ಟು. ಹುಲ್ಲು ನನ್ನ ಎದೆಯವರೆಗೆ ಇತ್ತು. ಒಂದು ಬಂಡೆಯಲ್ಲಿ ಬಟ್ಟಲಿನಂಥ ಕುಳಿ, ಅದರಲ್ಲಿ ನೀರು. ಜೋರು ಗಾಳಿ. ಬೆಟ್ಟದ ಹಿಂದೆ ಬೆಟ್ಟ, ಕೊನೆಯಲ್ಲಿ ಸಮುದ್ರ, ತಗಡಿನ ಅಂಚಿನ ಹಾಗೆ ಹೊಳೆಯುವ ಒಂದು ಗೆರೆ. ಆಮೇಲೆ ಕೆಳಗಿನಿಂದ ಎರಡು ಗುಂಡು. ಅಪ್ಪ ಇಳಿಯಲು ಶುರು ಮಾಡಿದ. ನಾವು ಅವನ ಹಿಂದೆ ಓಡಿದೆವು. ಅರ್ಧ ದಾರಿ ನಾನು ಕುಂಡೆಯ ಮೇಲೆ ಜಾರಿಕೊಂಡೇ ಬಂದೆ.

ಅಪ್ಪ ಮನೆಗೆ ಬಂದು, ಬಿಳಿ ಪಂಚೆ, ಬಿಳಿ ಅಂಗಿ ಹಾಕಿಕೊಂಡು, ಮುಖ ಗಂಭೀರ ಮಾಡಿಕೊಂಡು, ನಮ್ಮಿಬ್ಬರನ್ನೂ ಕರೆದುಕೊಂಡು ಗದ್ದೆ ದಾಟಿ ಆಚೆಯ ದೊಡ್ಡ ಮನೆಗೆ ಹೋದ. ಗುಂಡು ಆ ದಿಕ್ಕಿನಿಂದಲೇ ಬಂದಿತ್ತು. ಆ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದರು. ಅವರೇ ಇರಬೇಕು ಎಂದು ಅಪ್ಪ ದಾರಿಯಲ್ಲಿ ನಮಗೆ ಹೇಳಿದ್ದ. ಹೋಗಿ ನೋಡಿದರೆ ಅಜ್ಜಿ ಬಿಸಿಲಿಗೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ಮನೆಯವರು ಅಕ್ಕಿತರಿಯ ಕಡಂಬುಟ್ಟು ಉಂಡೆ ತಿನ್ನುತ್ತಿದ್ದರು.

"ಎಂತ ರೈಟರೇ, ಬಿಳಿ ಬಟ್ಟೆ? ಯಾರ ಮದುವೆ?" ಎಂದು ಯಜಮಾನರು ಕೇಳಿದರು.

ಅಪ್ಪ ಅಜ್ಜಿಯನ್ನು ನೋಡಿದ, ಅಂಗಳ ನೋಡಿದ. "ಯಾರು... ಯಾರು ಹೋಗಿದ್ದು?" ಅಂದ.

"ಹಂದಿ ಹೋಯ್ತು. ಅದೂ ಓಡಿ ಹೋಯ್ತು. ಎರಡು ಗುಂಡು ದಂಡ."

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ, "ನನ್ನ ನೋಡ್ಲಿಕ್ಕೆ ಬಂದದ್ದಾ? ಇನ್ನೂ ಉಂಟು, ಕೂರು" ಅಂದರು.

ಅಪ್ಪನಿಗೆ ಕೂರದೆ ಬೇರೆ ದಾರಿ ಇರಲಿಲ್ಲ. ನಮಗೂ ಕಡಂಬುಟ್ಟು ಸಿಕ್ಕಿತು. ಸಾವಿನ ಗುಂಡನ್ನು ಒಂದರ ಬೆನ್ನಿಗೆ ಇನ್ನೊಂದು ಹಾರಿಸುತ್ತಾರೆ, ಹಂದಿಗೆ ಹೊಡೆದದ್ದಾದರೆ ನಡುವೆ ಬಿಡುವು ಇರುತ್ತದೆ, ಆ ಮನೆಯ ಮಕ್ಕಳಿಗೂ ಇದು ಗೊತ್ತು, ಎಂದು ಯಜಮಾನರು ಅಪ್ಪನಿಗೆ ವಿವರಿಸಿದರು. ಮಾರನೆಯ ದಿನದಿಂದ ಎಸ್ಟೇಟಿನಲ್ಲಿ ಅಪ್ಪ ಹಂದಿ ಸಾವಿಗೆ ಹೋದ ರೈಟರ್ ಆದ. ಅವನು ಕೆಲಸದಿಂದ ನಿವೃತ್ತನಾಗುವವರೆಗೂ ಯಾರಾದರೊಬ್ಬರು, "ರೈಟರೇ, ಹಂದಿಗೆ ತಿಥಿ ಯಾವತ್ತು?" ಎನ್ನುತ್ತಿದ್ದರು. ಅಪ್ಪನ ಉತ್ತರ ಒಂದೇ. "ಹಂದಿಗೇ ಇಳಿದೆ ಅಂತ ಇಟ್ಕಳಿ. ಆದ್ರೆ ತುದಿ ಮುಟ್ಟಿ ಇಳಿದೆ."

ಈ ಒಂದು ವಾಕ್ಯವನ್ನು ಅಪ್ಪ ಬಹಳ ವರ್ಷ ನೆಚ್ಚಿಕೊಂಡಿದ್ದ. ಹೇಳಿಕೊಳ್ಳಲು ಅವನಲ್ಲಿ ಬೇರೆ ದೊಡ್ಡದೇನೂ ಇರಲಿಲ್ಲ, ಅಥವಾ ಇದ್ದರೂ ಹೇಳಿಕೊಳ್ಳುವ ಅಭ್ಯಾಸವಿರಲಿಲ್ಲ.

ಈಗ ಅಕ್ಕನ ಜಗಲಿಯಿಂದ ಅದೇ ಬೆಟ್ಟವನ್ನು ಮೊದಲ ಸಲ ಈ ಮಗ್ಗುಲಿನಿಂದ ದಿನವಿಡೀ ನೋಡುತ್ತಿದ್ದ. ಎಸ್ಟೇಟಿನಿಂದ ನೋಡಿದರೆ ಅದಕ್ಕೆ ಒಂದೇ ನೆತ್ತಿ. ಇಲ್ಲಿಂದ ಎರಡು. ಇಲ್ಲಿನವರು ಮೊಟ್ಟೆ ಎನ್ನುವ ಬೋಳು ಗುಡ್ಡೆಗಳು, ಒಂದರ ಹಿಂದೆ ಒಂದು, ನಡುವೆ ತಗ್ಗು.

"ಹಿಂದಲದು ಎತ್ತರ ಕಾಣ್ತದೆ" ಎಂದ ಅಪ್ಪ. "ನಾವು ಮುಂದಲದನ್ನ ಹತ್ತಿ ಇಳಿದಿದ್ರೆ? ಆವಾಗ ನಾನು ಇಷ್ಟು ವರ್ಷ ಹೇಳಿದ್ದು ಸುಳ್ಳಾಯ್ತದಲ್ಲೋ."

"ಮುಟ್ಟಿದ್ವಿ ಅಪ್ಪ. ನಾನು ಸಮುದ್ರ ನೋಡಿದ್ದು ನೆನಪಿದೆ" ಅಂದೆ.

ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತು, "ಎಂತ ಸಮುದ್ರ? ಮುಂದಿನ ಮೊಟ್ಟೆ ಮೇಲೆ ನಿಂತಾಗಲೇ ಗುಂಡು ಕೇಳಿದ್ದು. ಹಿಂದೆ ಇನ್ನೊಂದು ಉಂಟು ಅಂತ ನಾನು ಆಗಲೇ ನೋಡಿದ್ದೆ, ಅಪ್ಪನ ಮುಖ ನೋಡಿ ಸುಮ್ನಾದೆ" ಅಂದಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವಳ ಕನ್ನಡ ಇಲ್ಲಿನದಾಗಿದೆ. ಸಿಟ್ಟು ಬಂದರೆ ಮಾತ್ರ ಕೊಡ್ಲಿಪೇಟೆಗೆ ಹಿಂತಿರುಗುತ್ತಾಳೆ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದೆ.

"ಯಾರೂ ಕೇಳ್ಲಿಲ್ಲ."

ಅಪ್ಪ ನಮ್ಮಿಬ್ಬರ ಮುಖವನ್ನೂ ನೋಡಿ, "ಹೋಗಿ ನೋಡ್ಕಂಡು ಬಾ. ನೀನು ಓದಿದೋನು. ಇದ್ದದ್ದು ಇದ್ದಂಗೆ ಹೇಳು. ನಂಗೆ ಸಮಾಧಾನ ಮಾಡೋಕೆ ಹೇಳಬ್ಯಾಡ" ಎಂದ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಸುಮ್ಮನೆ ಕೂರುವುದು ಮೊದಲಿಂದಲೂ ಆಗುವುದಿಲ್ಲ. ನೆನಪಿನ ಬಗ್ಗೆ ನನಗೆ ನಂಬಿಕೆ ಕಡಿಮೆ. ಅದರಲ್ಲೂ ಸ್ಪಷ್ಟವಾದ ನೆನಪಿನ ಬಗ್ಗೆ ಇನ್ನೂ ಕಡಿಮೆ. ಆ ರಾತ್ರಿ ಮೈಸೂರಿನ ಬಸ್ಸಿನಲ್ಲಿ ಸಮುದ್ರದ ಗೆರೆಯನ್ನೇ ಪರೀಕ್ಷೆ ಮಾಡುತ್ತಾ ಕೂತೆ. ಕಾಲೇಜಿಗೆ ಹೋಗುವಾಗ ಗೆಳೆಯರ ಜೊತೆ ಬೇರೆ ಬೆಟ್ಟಗಳನ್ನು ಹತ್ತಿದ್ದೇನೆ, ಅಲ್ಲೊಂದರಿಂದ ಸಮುದ್ರ ಕಂಡದ್ದು ನಿಜ. ಆ ಗೆರೆಯನ್ನು ಯಾವಾಗಲೋ ಇಲ್ಲಿಗೆ ತಂದು ಅಂಟಿಸಿಕೊಂಡಿರಬಹುದು. ಬಟ್ಟಲು ಕಲ್ಲು ಮಾತ್ರ ಬೇರೆಲ್ಲೂ ನೋಡಿದ ನೆನಪಿಲ್ಲ. ಸಮುದ್ರವನ್ನು ಬದಿಗಿಟ್ಟು ಕಲ್ಲನ್ನು ಹುಡುಕುವುದು ಎಂದು ತೀರ್ಮಾನಿಸಿದೆ. ಕಲ್ಲು ಮುಂದಿನ ಮೊಟ್ಟೆಯಲ್ಲಿದ್ದರೆ ಅಕ್ಕ ಸರಿ. ಹಿಂದಿನದರ ನೆತ್ತಿಯಲ್ಲಿದ್ದರೆ, ಮತ್ತು ಹಿಂದಿನದೇ ಎತ್ತರವಾಗಿದ್ದರೆ, ಅಪ್ಪ ಸರಿ.

ಮೊದಲ ಸಲ ಒಬ್ಬನೇ ಹೋದೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ, ಜೀಪು ಹೋಗುವವರೆಗೆ ಜೀಪಿನಲ್ಲಿ ಹೋಗಿ, ಅಲ್ಲಿಂದ ನಡೆದೆ. ಹುಲ್ಲು ನನ್ನ ಮೊಣಕಾಲಿನವರೆಗೆ ಇತ್ತು. ನಾನು ಬೆಳೆದ ಮೇಲೆ ಹುಲ್ಲು ಗಿಡ್ಡವಾಗುವುದು ಸಹಜ, ಆದರೂ ಸ್ವಲ್ಪ ಬೇಸರವಾಯಿತು. ಮುಂದಿನ ಮೊಟ್ಟೆಯ ಮೇಲೆ ಹುಡುಗ ಹುಡುಗಿಯರ ಒಂದು ಗುಂಪು ಫೋಟೋ ತೆಗೆಯುತ್ತಿತ್ತು. "ಅಂಕಲ್, ಇದೇ ಪೀಕ್ ಅಲ್ವಾ?" ಎಂದು ಒಬ್ಬಳು ಕೇಳಿದಳು. ಅದನ್ನೇ ನೋಡಲು ಬಂದಿದ್ದೇನೆ ಎಂದೆ. ಅವಳು ನಕ್ಕು ಫೋನು ನನ್ನ ಕೈಗೆ ಕೊಟ್ಟು ಎಲ್ಲರ ಫೋಟೋ ತೆಗೆಸಿಕೊಂಡಳು.

ಮೊಟ್ಟೆಯ ಮೇಲೆ ಸುತ್ತಲೂ ಹುಡುಕಿದೆ. ಬಂಡೆಗಳಿದ್ದವು, ಬಟ್ಟಲು ಇರಲಿಲ್ಲ. ಫೋನಿನಲ್ಲಿ ಎತ್ತರ ನೋಡಿದೆ. ಬಿಸ್ಕತ್ತು ತಿಂದು ಅದೇ ಜಾಗದಲ್ಲಿ ಮತ್ತೆ ನೋಡಿದರೆ ಬೆಟ್ಟ ಎರಡಾಳು ಕುಸಿದಿತ್ತು. ಫೋನನ್ನು ಜೇಬಿಗೆ ಹಾಕಿದೆ. ಹಿಂದಿನ ಮೊಟ್ಟೆಗೆ ಹೋಗೋಣವೆಂದು ತಗ್ಗಿನ ಕಡೆ ತಿರುಗುವಷ್ಟರಲ್ಲಿ ಮಂಜು ಬಂತು. ಕೈಯ ಅಳತೆಯಲ್ಲಿರುವುದೂ ಕಾಣಲಿಲ್ಲ. ಒಂದು ಬಂಡೆಯ ಮರೆಯಲ್ಲಿ ಬಹಳ ಹೊತ್ತು ಕೂತು, ಕೊನೆಗೆ ಆ ಹುಡುಗರ ಗದ್ದಲ ಕೇಳಿದ ದಿಕ್ಕಿಗೆ ಇಳಿದೆ.

ಅಪ್ಪನಿಗೆ ಹೇಳಿದೆ. "ಮುಂದಲದರ ಮೇಲೆ ಕಲ್ಲು ಸಿಗಲಿಲ್ಲ."

"ಹಂಗಾದ್ರೆ ಹಿಂದಲದರ ಮೇಲೆ ಐತೆ."

"ಅಥವಾ ಎಲ್ಲೂ ಇಲ್ಲ" ಅಂದೆ.

ಅಪ್ಪ ನನ್ನನ್ನು ದಿಟ್ಟಿಸಿ ನೋಡಿ, "ನೀನು ಸಣ್ಣೋನಿದ್ದಾಗ ಹಿಂಗಿರಲಿಲ್ಲ" ಎಂದ.

ಎರಡನೆಯ ಸಲ ಅಕ್ಕ ತಾನೂ ಬರುತ್ತೇನೆ ಎಂದಳು. ಜನವರಿಯ ಮೊದಲ ವಾರ. ಅವಳ ತೋಟದಲ್ಲಿ ರೋಬಸ್ಟಾ ಕಾಫಿಯ ಪಿಕ್ಕಿಂಗ್ ಇನ್ನೂ ಶುರುವಾಗಿರಲಿಲ್ಲ. ಭಾವ ಅಪ್ಪನ ಜೊತೆ ಮನೆಯಲ್ಲಿ ಉಳಿದರು. ನಾನು ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪೊಂದನ್ನು ಗೋಣಿಕೊಪ್ಪಲಿನ ಹಾರ್ಡ್‌ವೇರ್ ಅಂಗಡಿಯಿಂದ ತಂದಿದ್ದೆ. ಅದರಲ್ಲಿ ನೀರು ತುಂಬಿ, ಕಣ್ಣಿಗೆ ಕಾಣಲೆಂದು ಬಟ್ಟೆಗೆ ಹಾಕುವ ನೀಲಿ ಬೆರೆಸಿ, ಎರಡು ತುದಿಗಳನ್ನೂ ಒಂದು ಕೋಲಿನ ಎರಡು ಕೊನೆಗಳಿಗೆ ಕಟ್ಟಿಕೊಂಡೆ. ಎರಡೂ ಕಡೆಯ ನೀರು ಯಾವಾಗಲೂ ಒಂದೇ ಮಟ್ಟದಲ್ಲಿರುತ್ತದೆ. ಎರಡೂ ಮೇಲ್ಮೈಗಳನ್ನು ಒಂದೇ ಗೆರೆಗೆ ತಂದು ಕಣ್ಣಿಟ್ಟು ನೋಡಿದರೆ, ಎದುರಿನ ಗುಡ್ಡ ಆ ಗೆರೆಯಿಂದ ಮೇಲೆ ಕಂಡರೆ ಅದು ನಾವು ನಿಂತ ಜಾಗಕ್ಕಿಂತ ಎತ್ತರ, ಕೆಳಗೆ ಕಂಡರೆ ತಗ್ಗು.

"ಬೆಟ್ಟದ ಮೇಲೆ ಮನೆ ಕಟ್ತೀಯೇನೋ?" ಎಂದಳು ಅಕ್ಕ, ಜೀಪಿನಲ್ಲಿ ಆ ಕೋಲು ಅವಳ ಪಕ್ಕೆಗೆ ತಾಗಿದಾಗ. "ಎರಡು ಕಣ್ಣು ಸಾಲ್ದಾ?"

"ಕಣ್ಣು ಮೋಸ ಮಾಡುತ್ತೆ ಅಕ್ಕ."

"ನಿಂಗೆ ಎಲ್ಲಾ ಮೋಸ ಮಾಡ್ತವೆ ಪಾಪ."

ಮುಂದಿನ ಮೊಟ್ಟೆಯ ಮೇಲೆ ಅಂದು ಯಾರೂ ಇರಲಿಲ್ಲ. ಆಕಾಶ ಶುಭ್ರವಾಗಿತ್ತು. ಕೋಲನ್ನು ಬಂಡೆಯ ಮೇಲೆ ಇರಿಸಿ ಮೊಣಕಾಲೂರಿ ನೋಡಿದೆ. ನೀಲಿ ಗೆರೆ ಹಿಂದಿನ ಮೊಟ್ಟೆಯ ಕುತ್ತಿಗೆಯಷ್ಟು ಎತ್ತರದಲ್ಲಿ ಹಾದುಹೋಯಿತು. ಅದರ ಮೇಲೆ ಇನ್ನೂ ಪೊದೆ, ಹುಲ್ಲು, ಬಂಡೆ ಉಳಿದಿತ್ತು. ಅಕ್ಕನನ್ನೂ ಕೂರಿಸಿ ನೋಡಿಸಿದೆ.

"ಹಿಂದಿಂದೇ ಎತ್ತರ" ಅಂದಳು. "ಹೇಳಿದ್ನಲ್ಲ. ನಾವು ಇಲ್ಲಿಂದ್ಲೇ ಇಳಿದದ್ದು. ಪಾಪ ಅಪ್ಪ."

ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಕಲ್ಲು ಸಿಕ್ಕಿರಲಿಲ್ಲ. ತಗ್ಗಿಗೆ ಇಳಿದೆವು. ಅಲ್ಲಿ ಶೋಲೆ ಕಾಡಿನ ಒಂದು ತುಂಡಿದೆ, ಗಿಡ್ಡ ಮರಗಳು, ಕಾಲಿಗೆ ಸಿಕ್ಕುವ ಬೇರು. ಆನೆ ಲದ್ದಿ ಹಳೆಯದು ಇತ್ತು. ಅಕ್ಕ ಕೈಯಿಂದ ಮುಟ್ಟಿ ನೋಡಿ ಪರವಾಗಿಲ್ಲ ಎಂದಳು. ಆಚೆ ಬದಿಯ ಏರು ಕಡಿದಾಗಿತ್ತು. ನನ್ನ ಎಡ ಮೊಣಕಾಲು ಸದ್ದು ಮಾಡತೊಡಗಿತು. ಅಕ್ಕ ಸೀರೆಯ ಮೇಲೆ ಭಾವನ ಹಳೆಯ ಅಂಗಿ ಹಾಕಿಕೊಂಡು, ತೋಟದಲ್ಲಿ ಆಳುಗಳ ಹಿಂದೆ ಓಡಾಡಿದ ಕಾಲಿನಲ್ಲಿ ನನಗಿಂತ ಮುಂದೆ ಹೋದಳು. ಏರು ಒಂದು ಕಡೆ ಸಡಿಲವಾಗಿ ಸಮತಟ್ಟಾಗುವ ಹಾಗೆ ಕಾಣುತ್ತದೆ. ಅಲ್ಲಿ ಅವಳು ನಿಂತಳು.

"ಬಾರೋ ಇಲ್ಲಿ."

ಅವಳ ಕಾಲಿನ ಬಳಿ ಚಪ್ಪಟೆ ಬಂಡೆ, ಅದರ ನಡುವೆ ಬಟ್ಟಲಿನಂಥ ಕುಳಿ. ನೀರಿತ್ತು. ಒಂದು ಸತ್ತ ಮಿಡತೆಯೂ ಇತ್ತು.

ನಾನು ಬಗ್ಗಿ ನೀರಿಗೆ ಬೆರಳು ಅದ್ದಿದೆ. ನನ್ನ ನೆನಪಿನಲ್ಲಿ ಆ ಬಟ್ಟಲು ಇದಕ್ಕಿಂತ ದೊಡ್ಡದು, ಮತ್ತು ಬಂಡೆಯ ಅಂಚಿನಲ್ಲಿದೆ. ಬೇರೆ ಬಂಡೆ ಇದ್ದರೂ ಇರಬಹುದು ಎಂದುಕೊಳ್ಳುವಷ್ಟರಲ್ಲಿ ಅಕ್ಕ, "ಅಪ್ಪ ಇಲ್ಲಿ ಟವಲ್ ಅದ್ದಿ ತಲೆ ಮೇಲೆ ಹಾಕ್ಕೊಂಡಿದ್ದ. ನಾನು ನೀರು ಕುಡ್ದೆ" ಅಂದಳು.

"ನೀನು ಮುಂದಿನ ಮೊಟ್ಟೆಯಿಂದಲೇ ಇಳಿದೆವು ಅಂದೆಯಲ್ಲ?"

"ಅದು ತಪ್ಪು. ಇಲ್ಲಿಂದ ಇಳಿದದ್ದು." ಅವಳಿಗೆ ಅದರಲ್ಲಿ ಏನೂ ತೊಂದರೆ ಇರಲಿಲ್ಲ. ಇಷ್ಟು ವರ್ಷ ಇಟ್ಟುಕೊಂಡ ನೆನಪನ್ನು ಹಳೆಯ ಚಪ್ಪಲಿಯ ಹಾಗೆ ಬಿಟ್ಟು ಮುಂದೆ ಹೋದಳು.

ಬಂಡೆಯ ಬಳಿ ನಿಂತರೆ ಅದೇ ತುದಿ ಎನ್ನಿಸುತ್ತದೆ. ಮೇಲೆ ಪೊದೆ ದಟ್ಟವಾಗಿದೆ, ಪೊದೆಯ ಆಚೆ ಆಕಾಶ ಮಾತ್ರ. ಪೊದೆಯಲ್ಲಿ ನುಗ್ಗಿ ಹೋದರೆ ಬೆಟ್ಟ ಇನ್ನೂ ಮುಗಿದಿರುವುದಿಲ್ಲ. ಮತ್ತೊಂದು ಸಣ್ಣ ಏರು, ಅದರ ಮೇಲೆ ಹುಲ್ಲಿನ ನಡುವೆ ಅರ್ಧ ಹೂತ ಸರ್ವೆ ಕಲ್ಲು, ಪಕ್ಕದಲ್ಲಿ ಯಾರೋ ಒಟ್ಟಿದ ಕಲ್ಲಿನ ಗುಪ್ಪೆ. ಅಲ್ಲಿಂದ ಎಲ್ಲಾ ಕಡೆಗೂ ಇಳಿಜಾರು. ಕೋಲು ಇರಿಸಿ ಮುಂದಿನ ಮೊಟ್ಟೆಯನ್ನು ನೋಡಿದೆ. ಅದು ಗೆರೆಗಿಂತ ಸಾಕಷ್ಟು ಕೆಳಗಿತ್ತು. ತುದಿ ಇದೇ. ಬಟ್ಟಲು ಕಲ್ಲು ತುದಿಯಲ್ಲ. ಅಪ್ಪ ಬೆಟ್ಟವನ್ನೆಲ್ಲ ಹತ್ತಿ, ಕೊನೆಯ ಪೊದೆಯ ಈಚೆಗೆ ನಿಂತುಬಿಟ್ಟಿದ್ದ.

ಪಶ್ಚಿಮಕ್ಕೆ ಆಗ ತಿರುಗಿ ನೋಡಿದೆ. ಕೇರಳದ ಕಡೆಗೆ ಬೆಟ್ಟದ ಹಿಂದೆ ಬೆಟ್ಟ, ಒಂದಕ್ಕಿಂತ ಒಂದು ಮಸುಕು. ಎಲ್ಲದರ ಕೊನೆಯಲ್ಲಿ ತೆಳ್ಳಗೆ ಒಂದು ಹೊಳಪು.

"ಸಮುದ್ರ" ಎಂದಳು ಅಕ್ಕ.

"ಮಂಜೂ ಇರಬಹುದು. ಬಿಸಿಲಿಗೆ ಮಂಜಿನ ಅಂಚೂ ಹೊಳೆಯುತ್ತೆ."

"ಆಯ್ತು, ನಿಂಗೆ ಮಂಜು, ನಂಗೆ ಸಮುದ್ರ."

ಹಿಂತಿರುಗಿ ಬಟ್ಟಲು ಕಲ್ಲಿಗೆ ಬಂದು ಮತ್ತೆ ಪಶ್ಚಿಮಕ್ಕೆ ನೋಡಿದೆ. ಬೆಟ್ಟದ ನೆತ್ತಿಯೇ ಅಡ್ಡ. ಏನೂ ಕಾಣಲಿಲ್ಲ. ಕಲ್ಲಿನ ಸುತ್ತ ಎಲ್ಲಿ ನಿಂತರೂ ಕಾಣಲಿಲ್ಲ. ಅಂದರೆ ಆ ದಿವಸ ನಾನು ಸಮುದ್ರ ನೋಡಿದ್ದು ನಿಜವಾದರೆ ನಾನು ಈ ಕಲ್ಲಿನಿಂದ ಮೇಲಕ್ಕೆ ಹೋಗಿರಬೇಕು. ನೋಡಿದ್ದು ನಿಜವೋ ಅಲ್ಲವೋ ಎಂಬುದು ಅದೇ ಜಾಗದಲ್ಲಿ ಉಳಿಯಿತು.

ಇದನ್ನು ಅಕ್ಕನಿಗೆ ಹೇಳಿದೆ. ಅವಳು ಚಪಾತಿ ಬಿಚ್ಚುತ್ತಿದ್ದವಳು ನಿಲ್ಲಿಸಿ, "ನಾನು ನೀರು ಕುಡಿಯುವಾಗ ನೀನು ಇಲ್ಲಿ ಇರ್ಲಿಲ್ಲ" ಅಂದಳು.

"ಇದು ಯಾವಾಗ ನೆನಪಾಯಿತು?"

"ಈಗ."

"ನೆನಪಾದದ್ದೋ, ನಾನು ಹೇಳಿದ್ದಕ್ಕೆ ಹುಟ್ಟಿದ್ದೋ?"

"ಏ, ತಿನ್ಲಾ ಸುಮ್ನೆ!" ಅಕ್ಕ ಪೂರ್ತಿ ಕೊಡ್ಲಿಪೇಟೆಗೆ ಹೋದಳು. "ಅನುಮಾನನೇ ತಿಂದು ಬದುಕ್ತೀಯ ನೀನು. ಹೇಳಿದ್ರೂ ತಪ್ಪು, ಹೇಳದಿದ್ರೂ ತಪ್ಪು."

ಇಳಿಯುವಾಗ ದಾರಿಯುದ್ದಕ್ಕೂ ಅಪ್ಪನಿಗೆ ಹೇಗೆ ಹೇಳುವುದು ಎಂಬ ಮಾತೇ. ಮುಟ್ಟಿದ್ದೆವು ಎಂದುಬಿಡು, ಇನ್ನೆಷ್ಟು ವರ್ಷ ಇರುತ್ತಾನೆ, ಎಂದು ಅಕ್ಕ ಹೇಳಿದಳು. ಸಮಾಧಾನಕ್ಕೆ ಹೇಳಬೇಡ ಎಂದು ಅವನೇ ಹೇಳಿದ್ದಾನೆ ಎಂದೆ. "ಹಾಗೆ ಹೇಳಿದೋರಿಗೇ ಸಮಾಧಾನ ಬೇಕಾಗಿರ್ತದೆ" ಎಂದಳು. ನನ್ನದು ಬೇರೆ ಯೋಚನೆಯೂ ಇತ್ತು. ನಾವು ಏನನ್ನೂ ಹೇಳುವ ಮೊದಲು ಅಪ್ಪನಿಂದ ಆ ದಿವಸದ್ದನ್ನು ಕೇಳಿಸಿಕೊಳ್ಳಬೇಕು, ನಮ್ಮ ಮಾತು ಅವನ ನೆನಪಿಗೆ ತಾಗಬಾರದು.

ಮನೆ ಮುಟ್ಟಿದಾಗ ಸಂಜೆ. ಮೈಯೆಲ್ಲ ಹುಲ್ಲಿನ ಮುಳ್ಳು, ಅಪ್ಪನ ಮುಂದೆ ಹೋಗುವ ಮೊದಲು ಸ್ನಾನ ಮಾಡಿದೆ. ಬಂದು ಕೂತು, "ಅಪ್ಪ, ಮೊದಲು ನೀನು ಹೇಳು. ಗುಂಡು ಕೇಳಿದಾಗ ನಾವು ಎಲ್ಲಿದ್ದೆವು?" ಎಂದೆ.

"ನನ್ನ ಪರೀಕ್ಷೆಗೆ ಕೂರಿಸ್ತೀಯಾ? ಮುಟ್ಟಿದ್ವಾ ಇಲ್ವಾ ಹೇಳು."

ಹೇಳಿದೆ. ಹಿಂದಿನ ಮೊಟ್ಟೆಯೇ ತುದಿ, ನಾವು ಅದನ್ನೇ ಹತ್ತಿದ್ದು, ಬಟ್ಟಲು ಕಲ್ಲಿನವರೆಗೆ. ತುದಿ ಪೊದೆಯ ಆಚೆ ಇದೆ, ಕಲ್ಲಿನಿಂದ ಕಾಣುವುದಿಲ್ಲ.

"ಎಷ್ಟು ದೂರ?"

ಜಗಲಿಯಿಂದ ನೋಡಿದೆ. "ಇಲ್ಲಿಂದ ಗದ್ದೆ ಬದಿಯ ಆ ಹಲಸಿನ ಮರದಷ್ಟು."

ಅಪ್ಪ ಹಲಸಿನ ಮರ ನೋಡಿದ. ಆಮೇಲೆ ಬೆಟ್ಟ ನೋಡಿದ. ಕತ್ತಲಾಗುತ್ತಿತ್ತು, ಎರಡು ಮೊಟ್ಟೆಗಳೂ ಒಂದರಲ್ಲೊಂದು ಸೇರಿಕೊಳ್ಳುತ್ತಿದ್ದವು. ಅವನ ಮುಖದಲ್ಲಿ ಏನನ್ನು ಹುಡುಕಬೇಕೆಂದು ನನಗೆ ಗೊತ್ತಾಗಲಿಲ್ಲ. ಹೇಳಬಾರದಿತ್ತು ಎಂದು ಅನಿಸಿತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಸುಡುವ ಹಾಗೆ ನೋಡುತ್ತಿದ್ದಳು.

"ಛೆ" ಎಂದ ಅಪ್ಪ. "ಆ ಹಂದಿ ಗೆದ್ದುಬಿಡ್ತಲ್ಲೋ."

ನಾನು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ.

"ಬಟ್ಟಲಲ್ಲಿ ನೀರಿತ್ತಾ?"

"ಇತ್ತು."

"ಆ ನೀರಲ್ಲಿ ನಾನು ಟವಲ್ ಅದ್ದೋ ಹೊತ್ತಿಗೆ ನೀನು ಕೈ ಕೊಸರ್ಕಂಡು ಮೇಲಕ್ಕೆ ಓಡಿದ್ದೆ. ಕಾಣದಂಗಾಗಿದ್ದೆ. ಕೂಗಿ ಕೂಗಿ ಗಂಟಲು ಹರೀತು. ಗುಂಡು ಕೇಳಿದ ಮ್ಯಾಲೆ ನೀನು ಇಳಿದು ಬಂದೆ." ನನ್ನ ಕಡೆ ತಿರುಗಿದ. "ಹಂಗಾದ್ರೆ ತುದಿ ಮುಟ್ಟಿದೋನು ನೀನು."

ನಾನು ಅಕ್ಕನ ಕಡೆ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು, ನಾನು ಹೇಳಿಲ್ಲ ಎಂಬಂತೆ. ಆಮೇಲೆ ಅಡುಗೆಮನೆಯಲ್ಲಿ ಮತ್ತೆ ಕೇಳಿದೆ. ದೇವರಾಣೆ ಹೇಳಿಲ್ಲ ಎಂದಳು. ಭಾವನನ್ನೂ ಕೇಳಿದೆ. ಟಿವಿ ನೋಡುತ್ತಿದ್ದೆ, ಗೊತ್ತಿಲ್ಲ ಎಂದರು. ಅಕ್ಕ ಸುಳ್ಳು ಹೇಳುವವಳಲ್ಲ, ಆದರೆ ಅಪ್ಪನಿಗೆ ಸಮಾಧಾನವಾಗುವುದಾದರೆ ಹೇಳದೇ ಬಿಡುವವಳೂ ಅಲ್ಲ. ನಾನು ಸ್ನಾನದ ಮನೆಯಲ್ಲಿದ್ದ ಹೊತ್ತಿನಲ್ಲಿ ಜಗಲಿಯಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ತಿಳಿಯುವ ದಾರಿಯೂ ಇಲ್ಲ.

ಅಪ್ಪ ಮಾತ್ರ ಮಾರನೆಯ ದಿನದಿಂದಲೇ ತನ್ನ ವಾಕ್ಯ ಬದಲಾಯಿಸಿಕೊಂಡ. ಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ, ಹಾಲಿನವನಿಗೆ, ಭಾವನ ನೆಂಟರಿಗೆ, ಬಂದವರಿಗೆಲ್ಲ ಬೆಟ್ಟದ ಕಡೆ ಬೆರಳು ತೋರಿಸಿ ಹೇಳುತ್ತಾನೆ. "ಆ ಹಿಂದಲದು ಕಾಣ್ತದಲ್ಲ, ಅದೇ ತುದಿ. ನಾನು ಸ್ವಲ್ಪ ಕೆಳಗೆ ಒಂದು ಬಟ್ಟಲು ಕಲ್ಲೈತೆ, ಅಲ್ಲಿ ತನಕ. ತುದಿ ಮುಟ್ಟಿದ್ದು ನನ್ನ ಮಗ, ಇಷ್ಟುದ್ದ ಇದ್ದ ಆಗ." ಹಳೆಯ ವಾಕ್ಯವನ್ನು ಅವನು ತುಸು ಗಟ್ಟಿಯಾಗಿ, ಜಗಳಕ್ಕೆ ನಿಂತವನ ಹಾಗೆ ಹೇಳುತ್ತಿದ್ದ. ಇದನ್ನು ಹಾಗೆ ಹೇಳುವುದಿಲ್ಲ.

ನಾನು ಎದುರಿಗಿದ್ದರೆ ಬಂದವರು ನನ್ನ ಮುಖ ನೋಡುತ್ತಾರೆ. ಮೊದಮೊದಲು "ಇರಬಹುದು, ಖಚಿತವಾಗಿ..." ಎಂದು ಶುರು ಮಾಡುತ್ತಿದ್ದೆ. ಅಕ್ಕ ನನ್ನ ಮುಂದೆ ತಟ್ಟೆ ಇಟ್ಟು, "ಚಕ್ಕುಲಿ ತಿನ್ನು" ಎನ್ನುತ್ತಿದ್ದಳು. ಈಗ ಅವಳು ತಟ್ಟೆ ತರುವ ಮೊದಲೇ ಸುಮ್ಮನಾಗುತ್ತೇನೆ.

ಹೋದ ವಾರ ಬಂದಿದ್ದಾಗ ಮೂವರೂ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಗದ್ದೆಯಾಚೆ ತೋಟದ ಕಡೆಯಿಂದ ಗುಂಡಿನ ಸದ್ದು ಬಂತು. ಅಪ್ಪ ಲೋಟ ಕೆಳಗಿಟ್ಟು ಕೈ ಎತ್ತಿದ, ಯಾರೂ ಮಾತಾಡಬೇಡಿ ಎಂದು. ಗದ್ದೆಯ ಬದುವಿನಿಂದ ಬೆಳ್ಳಕ್ಕಿಗಳು ಎದ್ದು, ಒಂದು ಸುತ್ತು ಹಾರಿ, ಮತ್ತೆ ಕೂತವು. ಅದಾದ ಮೇಲೆ ಎರಡನೆಯದು ಕೇಳಿಸಿತು.

"ಹಂದಿ" ಎಂದು ಹೇಳಿ ಅಪ್ಪ ಲೋಟ ಎತ್ತಿಕೊಂಡ.